ಕಿವುಡ ಕ್ಲೆಮ್ ಮತ್ತು ಹೆಸರಿಲ್ಲದ ಪಿಕಪ್‌ಗಳು

ಅಮೆರಿಕದ ಪೋರ್ಟೇಜ್ ಕೌಂಟಿಯಲ್ಲಿ ಎಲ್ಲರಿಗಿಂತ ಸೂಕ್ಷ್ಮವಾದ ಕಿವಿ ಯಾರದು ಎಂದು ಗಿಟಾರ್ ಹಿಡಿದ ಯಾರನ್ನೇ ಕೇಳಿದರೂ ಕ್ಲೆಮ್ ಗ್ಲೊಡೊವ್‌ಸ್ಕಿಯ ಹೆಸರು ಹೇಳುತ್ತಿದ್ದರು. ಈ ಮಾತು ಕಿವಿಗೆ ಬಿದ್ದಾಗಲೆಲ್ಲ ಅವನ ಹೆಂಡತಿ ಬರ್ನಿಸ್ ಕೈಯಲ್ಲಿದ್ದ ಕೆಲಸ ನಿಲ್ಲಿಸಿ, ಸಮಾಧಾನವಾಗುವಷ್ಟು ನಕ್ಕು, ಮತ್ತೆ ಕೆಲಸ ಮುಂದುವರಿಸುತ್ತಿದ್ದಳು. ಏಕೆಂದರೆ ಆ ಸೂಕ್ಷ್ಮ ಕಿವಿಯನ್ನು ಊಟಕ್ಕೆ ಕರೆಯಲು ಅವಳು ನೆಲಮಾಳಿಗೆಯ ದೀಪವನ್ನು ಮೂರು ಸಲ ಆರಿಸಿ ಹೊತ್ತಿಸಬೇಕಾಗಿತ್ತು.

ಕ್ಲೆಮ್ ಮೂವತ್ತೊಂದು ವರ್ಷ ಸ್ಟೀವನ್ಸ್ ಪಾಯಿಂಟ್‌ನ ನದಿ ದಂಡೆಯ ಕಾಗದದ ಗಿರಣಿಯಲ್ಲಿ ಯಂತ್ರ ರಿಪೇರಿ ಮಾಡಿದವನು. ಐದನೇ ನಂಬರಿನ ಯಂತ್ರ ಗರ್ಜಿಸುತ್ತಿದ್ದರೆ ಪಕ್ಕದಲ್ಲಿ ನಿಂತವನು ಸತ್ತರೂ ಗೊತ್ತಾಗುತ್ತಿರಲಿಲ್ಲ. ಕಿವಿಗೆ ತುರುಕಿಕೊಳ್ಳಿ ಎಂದು ಮೇಸ್ತ್ರಿ ಕೊಡುತ್ತಿದ್ದ ಹತ್ತಿಯನ್ನು ಕ್ಲೆಮ್ ಮನೆಗೆ ತಂದು ಜಿಂಕೆ ಬೇಟೆಯ ಕೋವಿಯ ನಳಿಗೆ ಒರೆಸಲು ಬಳಸಿದ. ಹೀಗಾಗಿ ಅವನು ನಿವೃತ್ತನಾದ ವರ್ಷ ಕೋವಿ ಹೊಸದರಂತೆ ಹೊಳೆಯುತ್ತಿತ್ತು, ಎಡಗಿವಿ ಪೂರ್ತಿ ಮುಚ್ಚಿತ್ತು, ಬಲಗಿವಿಯಲ್ಲಿ ರೈಲು ಮತ್ತು ಗುಡುಗು ಮಾತ್ರ ಉಳಿದಿದ್ದವು. ಊರಿನವರಿಗೆ ಇದು ವಿಶೇಷ ಅನ್ನಿಸಲಿಲ್ಲ. ಗಿರಣಿಯಿಂದ ಹೊರಬಿದ್ದವರೆಲ್ಲ ಕಿವುಡರೇ. ಭಾನುವಾರ ಚರ್ಚಿನ ಬಾಗಿಲಲ್ಲಿ ಅವರೆಲ್ಲ ಸೇರಿ ಒಬ್ಬರ ಮಾತಿಗೆ ಒಬ್ಬರು ಸಂಬಂಧವಿಲ್ಲದ ಉತ್ತರ ಕೊಡುತ್ತ ಬಹಳ ಸಂತೋಷವಾಗಿರುತ್ತಿದ್ದರು.

ಕಿವಿ ಹೋದರೂ ಕ್ಲೆಮ್ ಮದುವೆಗಳಲ್ಲಿ ಪೋಲ್ಕಾ ಕುಣಿತಕ್ಕೆ ನುಡಿಸುವ ಎರ್ವ್ ಜ್ರೋಯಿಕ್‌ನ ತಂಡದಲ್ಲಿ ಗಿಟಾರ್ ಬಾರಿಸುವುದನ್ನು ಬಿಟ್ಟಿರಲಿಲ್ಲ. ಎರ್ವ್ ಅಕಾರ್ಡಿಯನ್ ನುಡಿಸುವಾಗ ಅವನ ಬಲ ಮೊಣಕಾಲು ತಾಳಕ್ಕೆ ಸರಿಯಾಗಿ ಕುಣಿಯುತ್ತಿತ್ತು. ಕ್ಲೆಮ್ ಅದನ್ನೇ ನೋಡಿಕೊಂಡು ಬಾರಿಸುತ್ತಿದ್ದ. ಮದುವೆಗೆ ಬಂದವರು ಎರಡನೇ ಬಿಯರ್ ಮುಗಿಸಿದ ಮೇಲೆ ಯಾರಿಗೂ ದೋಷ ಕಾಣುತ್ತಿರಲಿಲ್ಲ.

“ನನ್ನ ಅಕಾರ್ಡಿಯನ್ ನಿಂಗೆ ಒಂಚೂರೂ ಕೇಳಿಸಲ್ವೇನೋ?” ಎಂದು ಎರ್ವ್ ಒಮ್ಮೆ ಅವನ ಮುಖದೆದುರು ಬಾಯಿ ಅಗಲಿಸಿ ಕೇಳಿದ್ದ.

“ಇಲ್ಲ ಕಣೋ. ದೇವರು ನನ್ನ ಪೂರ್ತಿ ಕೈಬಿಟ್ಟಿಲ್ಲ,” ಎಂದಿದ್ದ ಕ್ಲೆಮ್.

ಒಂದು ಮದುವೆಯ ನಡುವೆ ಅವನ ಗಿಟಾರಿನ ಪಿಕಪ್ ಸತ್ತುಹೋಯಿತು. ಪಿಕಪ್ ಎಂದರೆ ಗಿಟಾರಿನ ತಂತಿಗಳ ಕೆಳಗೆ ಕೂತಿರುವ, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ವಸ್ತು. ಒಳಗೆ ಅಯಸ್ಕಾಂತ, ಕೂದಲಿಗಿಂತ ತೆಳ್ಳಗಿನ ತಾಮ್ರದ ಎಳೆಯನ್ನು ಸಾವಿರಾರು ಸುತ್ತು ಸುತ್ತಿದ ಒಂದೋ ಎರಡೋ ಸುರುಳಿ. ತಂತಿ ನಡುಗಿದರೆ ಆ ನಡುಕವನ್ನು ಇದು ವಿದ್ಯುತ್ತು ಮಾಡಿ ಸ್ಪೀಕರಿಗೆ ಕಳಿಸುತ್ತದೆ, ಅಷ್ಟೇ ಇದರ ಕೆಲಸ. ಆದರೆ ಗಂಡಸರು ಇದರ ಬಗ್ಗೆ ಆಡುವ ಮಾತು ಕೇಳಿದರೆ ಯಾವುದೋ ಸಂತನ ಎಲುಬಿನ ತುಂಡಿರಬೇಕು ಅನ್ನಿಸುತ್ತದೆ.

ಕ್ಲೆಮ್ ಅದನ್ನು ನೆಲಮಾಳಿಗೆಯಲ್ಲಿ ಜಿಂಕೆ ಮಾಂಸದ ಫ್ರೀಜರ್ ಮೇಲೆ ಬಿಚ್ಚಿ ಕೂತ. ಎರಡು ವಾರ ಮೇಲೆ ಬರಲಿಲ್ಲ. ಹಳೆಯ ಎಳೆಯನ್ನು ಬಿಚ್ಚಿ ಹೊಸದಾಗಿ ಸುತ್ತಿದ. ಸುದ್ದಿ ಹರಡಿ ಸುತ್ತಲಿನ ಊರುಗಳಿಂದ ಜನ ಕೆಟ್ಟ ಪಿಕಪ್ ತರತೊಡಗಿದರು. ಕೆಟ್ಟದ್ದರ ಜೊತೆಗೆ ಹೆಸರಿಲ್ಲದ್ದನ್ನೂ ತಂದರು. ಈ ವಸ್ತುಗಳ ದೊಡ್ಡ ರೋಗವೇ ಅದು. ಕಾರ್ಖಾನೆಯವರು ಅಂಟಿಸಿದ ಚೀಟಿ ಉದುರಿಹೋಗಿರುತ್ತದೆ, ಇಲ್ಲವೇ ಅಂಟಿಸಿಯೇ ಇರುವುದಿಲ್ಲ. ಒಬ್ಬ ಗಿಟಾರಿಂದ ಕಿತ್ತು ಡಬ್ಬಿಗೆ ಹಾಕುತ್ತಾನೆ, ಅವನು ಸತ್ತ ಮೇಲೆ ಡಬ್ಬಿ ಇನ್ನೊಬ್ಬನ ಪಾಲಾಗುತ್ತದೆ. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ತಾಯಿಯ ಮಕ್ಕಳು. ಒಂದು ಅಪರೂಪದ್ದು, ಇನ್ನೊಂದು ಕಸ.

ಕ್ಲೆಮ್‌ಗೆ ಇದರಲ್ಲಿ ಕಷ್ಟ ಕಾಣಲಿಲ್ಲ. ಮೀಟರಿನಿಂದ ಸುರುಳಿಯ ವಿದ್ಯುತ್ ರೋಧ ಅಳೆಯುತ್ತಿದ್ದ. ಬೇಟೆಗೆ ಒಯ್ಯುವ ದಿಕ್ಸೂಚಿಯನ್ನು ಹತ್ತಿರ ಹಿಡಿದು ಅಯಸ್ಕಾಂತದ ಯಾವ ಮುಖ ಮೇಲಿದೆ ನೋಡುತ್ತಿದ್ದ. ಭೂತಗನ್ನಡಿಯಲ್ಲಿ ಎಳೆಯ ಬಣ್ಣ ನೋಡುತ್ತಿದ್ದ: ಹಳೆಯ ಅಮೆರಿಕನ್ ಎಳೆ ಕಂದುಗೆಂಪು, ಆಮೇಲಿನದು ಕಿತ್ತಳೆ. ಮೂಸಿ ನೋಡುತ್ತಿದ್ದ, ಕೆಲವರು ಸುರುಳಿಯನ್ನು ಮೇಣದಲ್ಲಿ ಅದ್ದುತ್ತಿದ್ದರು, ಕೆಲವರು ಅದ್ದುತ್ತಿರಲಿಲ್ಲ. ತಿರುಪನ್ನು ಹೆಬ್ಬೆರಳ ಉಗುರಿಗೆ ಉಜ್ಜಿದರೆ ಅದರ ಹಲ್ಲು ಅಂಗುಲದ ಲೆಕ್ಕದ್ದೋ ಮಿಲಿಮೀಟರ್ ಲೆಕ್ಕದ್ದೋ ಗೊತ್ತಾಗುತ್ತಿತ್ತು. ಗಿರಣಿಯಲ್ಲಿ ಅವನು ರಿಪೇರಿ ಮಾಡಿದ್ದೆಲ್ಲ ಕೊನೆಗೆ ಬಾಯಿ ಒರೆಸುವ ಕಾಗದವಾಗಿ ಹೋಗಿತ್ತು. ಇಲ್ಲಿ ಪ್ರತಿ ಸುರುಳಿಯ ಹಿಂದೆ ಒಂದು ಕೈ ಇತ್ತು. ಮಿಷಿಗನ್‌ನ ಕಲಮಜೂ ಕಾರ್ಖಾನೆಯಲ್ಲಿ ಸುರುಳಿ ಸುತ್ತುತ್ತಿದ್ದ ಹೆಂಗಸರಲ್ಲಿ ಒಬ್ಬಳು ಎಳೆಯ ತುದಿಗೆ ಯಾವಾಗಲೂ ಎರಡು ಗಂಟು ಹಾಕುತ್ತಿದ್ದಳೆಂದು ಅವನು ಕಂಡುಹಿಡಿದ.

“ಇವತ್ತು ಮತ್ತೆ ಎರಡು ಗಂಟಿನವಳು ಸಿಕ್ಕಿದ್ಲು,” ಎಂದು ಊಟದ ಮೇಜಿನಲ್ಲಿ ಹೇಳುತ್ತಿದ್ದ.

“ಚೆನ್ನಾಗಿದ್ಲಾ?” ಎನ್ನುತ್ತಿದ್ದಳು ಬರ್ನಿಸ್, ಆಲೂಗಡ್ಡೆ ತುಂಬಿದ ಪಿರೋಗಿ ಕಡುಬನ್ನು ಬೇಕಾದ್ದಕ್ಕಿಂತ ಜೋರಾಗಿ ತಟ್ಟೆಗೆ ಹಾಕುತ್ತ.

ಕಿವಿಯ ಕೀರ್ತಿ ಹುಟ್ಟಿದ್ದು ಒಂದು ಶನಿವಾರ. ವಾಸಾ ಊರಿನಿಂದ ಡ್ವೇನ್ ಎಂಬ ಬಸ್ ಚಾಲಕ ಹಿಂದಿನ ದಿನ ತನ್ನ ಗಿಟಾರ್ ಬಿಟ್ಟುಹೋಗಿದ್ದ. ಕ್ಲೆಮ್ ಆಗಲೇ ಅದನ್ನು ಬಿಚ್ಚಿ, ಅಳೆದು, ಮತ್ತೆ ಜೋಡಿಸಿದ್ದ. ಡ್ವೇನ್ ಬಂದು ಗಿಟಾರ್ ಎತ್ತಿಕೊಂಡು ನುಡಿಸತೊಡಗಿದಾಗ ಕ್ಲೆಮ್ ಕುರ್ಚಿಯಲ್ಲಿ ಕಣ್ಣು ಮುಚ್ಚಿ, ಹುಬ್ಬು ಗಂಟಿಕ್ಕಿ, ಹೊಟ್ಟೆಯ ಮೇಲೆ ಕೈಯಿಟ್ಟು ಕೂತಿದ್ದ. ಮಧ್ಯಾಹ್ನ ತಿಂದ ಹುಳಿ ಎಲೆಕೋಸು ಒಳಗೆ ತಿರುಗುತ್ತಿತ್ತು. ಡ್ವೇನ್ ನುಡಿಸಿ ಮುಗಿಸಿದ. ಎಲೆಕೋಸೂ ಒಂದು ನಿರ್ಧಾರಕ್ಕೆ ಬಂತು. ಕ್ಲೆಮ್ ಕಣ್ಣು ತೆರೆದು, “ಅರವತ್ತೇಳನೇ ಇಸವಿದು. ಎರಡನೇ ಸುರುಳೀಲಿ ಇನ್ನೂರು ಸುತ್ತು ಕಮ್ಮಿ ಇದೆ,” ಎಂದ.

ಡ್ವೇನ್‌ನ ಕಣ್ಣಲ್ಲಿ ನೀರು ಬಂತು. ಬರೀ ಕಿವಿಯಿಂದ ಸುತ್ತು ಎಣಿಸುವ ಮನುಷ್ಯನನ್ನು ಕಂಡೆ ಎಂದು ಅವನು ವಾಸಾದವರೆಗೂ ಹೇಳಿಕೊಂಡು ಹೋದ. ಅವನ ಬಸ್ಸಿನ ದಾರಿ ಉದ್ದದ್ದು.

“ನಾನೇನೂ ಸುಳ್ಳು ಹೇಳಿಲ್ಲ ಕಣೇ,” ಎಂದು ಕ್ಲೆಮ್ ಹೆಂಡತಿಗೆ ಸಮಜಾಯಿಷಿ ಕೊಟ್ಟ. “ಅವನು ಕೇಳಲಿಲ್ಲ, ನಾನು ಹೇಳಲಿಲ್ಲ.”

“ಅವನು ಕೇಳಿದ್ರೂ ನಿಂಗೆ ಕೇಳಿಸ್ತಿತ್ತಾ?” ಎಂದಳು ಬರ್ನಿಸ್, ಅವನಿಗೆ ಕಾಣುವಂತೆ ತುಟಿ ಆಡಿಸಿ.

ಆದರೂ ಮನಸ್ಸು ಚುಚ್ಚಿ ಅವನು ಫಾದರ್ ಚೆಸ್ಟರ್ ಬಳಿ ಪಾಪನಿವೇದನೆಗೆ ಹೋದ. ಕಿವುಡರ ಸಹಜ ಗಟ್ಟಿ ದನಿಯಲ್ಲಿ ಅವನು ಹೇಳಿಕೊಂಡದ್ದನ್ನು ಹೊರಗೆ ಸಾಲಿನಲ್ಲಿ ನಿಂತ ಏಳು ಮುದುಕಿಯರೂ ಕೇಳಿ ಮಜಾ ತೆಗೆದುಕೊಂಡರು. ನಿವೇದನೆಯ ಗೂಡಿನ ಜಾಲರಿಯ ಆ ಬದಿಯಿಂದ ಪಾದ್ರಿ ಪಿಸುಗುಟ್ಟಿದ ಪ್ರಾಯಶ್ಚಿತ್ತ ಮಾತ್ರ ಕ್ಲೆಮ್‌ಗೆ ಕೇಳಿಸಲಿಲ್ಲ. ಅಂದಾಜಿನ ಮೇಲೆ ಮೂರು ಜಪ ಹೇಳಿ ಮನೆಗೆ ಬಂದ. ಹೆಚ್ಚೇ ಆಯಿತೇನೋ ಎಂಬ ಅನುಮಾನ ಅವನಿಗೆ ಕೊನೆಯವರೆಗೂ ಇತ್ತು.

ಇನ್ನೂ ಒಂದು ಅಭ್ಯಾಸ ಅವನಿಗಿತ್ತು. ಫೋನ್ ಎತ್ತಿದರೆ ಆ ಕಡೆಯವರು ಏನೇ ಹೇಳಲಿ, “ಹ್ಞೂಂ, ಹಾಗೇ ಮಾಡಿ,” ಎಂದು ಇಟ್ಟುಬಿಡುತ್ತಿದ್ದ. ಹೀಗೆ ಒಮ್ಮೆ ಮನೆಗೆ ಕಸ ಹೀರುವ ಎರಡು ಯಂತ್ರ ಬಂದಿದ್ದವು. ತೊಂಬತ್ತೇಳರ ಸೆಪ್ಟೆಂಬರಿನಲ್ಲಿ ಅದಕ್ಕಿಂತ ದೊಡ್ಡದು ಬಂತು. ಬರ್ನಿಸ್ ದಿನಸಿ ಅಂಗಡಿಯ ಗಾಜಿನ ಮೇಲೆ ಅಂಟಿಸಿದ್ದ ಒಂದು ಭಿತ್ತಿಪತ್ರ ನೋಡಿ, ಅದನ್ನು ಕಿತ್ತು ತಂದು ಗಂಡನ ಮುಂದಿಟ್ಟಳು. ಮ್ಯಾಡಿಸನ್‌ನ ದಂತವೈದ್ಯ ಲೈಲ್ ಟೋರ್ಗರ್ಸನ್ ಎಂಬವರು ಬೌಲಿಂಗ್ ಹಾಲಿನ ಹಿಂಬದಿಯ ಸಭಾಂಗಣದಲ್ಲಿ ಗಿಟಾರ್ ಮೇಳ ಏರ್ಪಡಿಸಿದ್ದರು. ಅಲ್ಲಿ ಪರದೆಯ ಹಿಂದೆ ಮೂರು ಗಿಟಾರ್ ನುಡಿಸಲಾಗುವುದು. ಹೆಸರಾಂತ ಕ್ಲೆಮ್ ಗ್ಲೊಡೊವ್‌ಸ್ಕಿಯವರು ಬರೀ ಕಿವಿಯಿಂದ ಯಾವುದರಲ್ಲಿ ಯಾವ ಪಿಕಪ್ ಇದೆ ಎಂದು ಹೇಳುವರು. ಭಾನುವಾರ ಇಟ್ಟರೆ ಫುಟ್‌ಬಾಲ್ ಬಿಟ್ಟು ನರಪಿಳ್ಳೆಯೂ ಬರುವುದಿಲ್ಲವೆಂದು ಅಕ್ಟೋಬರಿನ ಎರಡನೇ ಶನಿವಾರ ಮಧ್ಯಾಹ್ನ ಗೊತ್ತುಮಾಡಿದ್ದರು.

“ಇದಕ್ಕೂ ಹಾಗೇ ಮಾಡಿ ಅಂದ್ಯಾ?” ಎಂದಳು ಬರ್ನಿಸ್.

ಕ್ಲೆಮ್ ಭಿತ್ತಿಪತ್ರವನ್ನು ಎರಡು ಸಲ ಓದಿದ. “ಹಲ್ಲಿನ ಬಗ್ಗೆ ಏನೋ ಅಂತಿದ್ರು ಅನ್ಕೊಂಡೆ,” ಎಂದ.

ಬೇಡವೆಂದು ಹೇಳಿಕಳಿಸಬಹುದಿತ್ತು. ಅವನು ಕಳಿಸಲಿಲ್ಲ. ಅರವತ್ತಾರು ವರ್ಷದ ಜೀವನದಲ್ಲಿ ಅವನ ಹೆಸರು ಅಚ್ಚಾಗಿದ್ದು ಅದೇ ಮೊದಲ ಸಲ. ಗಿರಣಿಯ ಸೂಚನಾಫಲಕದಲ್ಲಿ, ಕುಡಿದು ಕೆಲಸಕ್ಕೆ ಬಂದವರ ಪಟ್ಟಿಯಲ್ಲಿ ಬಂದದ್ದನ್ನು ಬಿಟ್ಟರೆ. ಶುಕ್ರವಾರದ ಮೀನೂಟಕ್ಕೆ ಸೇರಿದಾಗ ಎರ್ವ್‌ನ ಬಳಿ ಕಷ್ಟ ತೋಡಿಕೊಂಡ. ಎರ್ವ್ ಬ್ರಾಂದಿಯ ಲೋಟ ತಿರುಗಿಸುತ್ತ ಯೋಚಿಸಿ, ಉಪಾಯ ಹೇಳಿದ.

“ನಾನು ಮುಂದಿನ ಸಾಲಲ್ಲಿ ಕೂತಿರ್ತೀನಿ. ಒಳ್ಳೇ ಪಿಕಪ್ ಒಂದನೇದ್ರಲ್ಲಿದ್ರೆ ಮೂಗು ಕೆರ್ಕೋತೀನಿ, ಎರಡನೇದಾದ್ರೆ ಕಿವಿ, ಮೂರನೇದಾದ್ರೆ ಗಲ್ಲ.”

“ಯಾವುದ್ರಲ್ಲಿದೆ ಅಂತ ನಿಂಗೆ ಹೇಗೋ ಗೊತ್ತಾಗುತ್ತೆ?”

“ನಂಗೂ ಗೊತ್ತಾಗಲ್ಲ. ಆದ್ರೆ ತಪ್ಪಾದ್ರೆ ಇಬ್ರೂ ಸೇರಿ ಮಾಡಿದ ಹಾಗಾಗುತ್ತಲ್ಲ.”

ಇದಕ್ಕಿಂತ ಒಳ್ಳೆಯ ಉಪಾಯ ಯಾರ ಬಳಿಯೂ ಇರಲಿಲ್ಲ.

ಆ ಶನಿವಾರ ಸಭಾಂಗಣದಲ್ಲಿ ಅರವತ್ತು ಎಪ್ಪತ್ತು ಜನ ಸೇರಿದ್ದರು, ಹೆಚ್ಚಿನವರು ಗಂಡಸರು, ಹೆಚ್ಚಿನವರಿಗೆ ಜುಟ್ಟು, ಜುಟ್ಟಿದ್ದ ಎಲ್ಲರಿಗೂ ಮುಂದೆ ಬೋಳು. ಟೋರ್ಗರ್ಸನ್ ಎತ್ತರದ, ಬಿಳಿಯ, ಒಳ್ಳೆಯ ಹಲ್ಲಿನ ಮನುಷ್ಯ. ಮೊದಲ ಗಿಟಾರಿನಲ್ಲಿ ಅವರ ಪ್ರಾಣಕ್ಕೆ ಸಮಾನವಾದ ಪಿಕಪ್ ಇತ್ತು. ಚೀಟಿಯಿಲ್ಲದ್ದೇ ಆದರೂ ಐವತ್ತೆಂಟನೇ ಇಸವಿಯ ಕಲಮಜೂ ಪಿಕಪ್ ಎಂದು ಅವರು ಆಣೆಯಿಡಲು ಸಿದ್ಧರಿದ್ದರು. ಎರಡನೆಯದರಲ್ಲಿ ಆ ವರ್ಷವೇ ಅಂಗಡಿಯಿಂದ ತಂದ ಹೊಸದು. ಮೂರನೆಯದು ದಾರಿ ತಪ್ಪಿಸಲು ಇಟ್ಟ ಅಗ್ಗದ ಗಿಟಾರ್. ಅದರೊಳಗಿನ ಪಿಕಪ್ ಅವರಿಗೆ ಐಓಲಾ ಕಡೆಯ ಒಂದು ತೋಟದ ಮನೆಯ ಹರಾಜಿನಲ್ಲಿ ಕಾಫಿ ಡಬ್ಬಿಯೊಳಗೆ, ತುಕ್ಕು ಹಿಡಿದ ಮೊಳೆಗಳ ಜೊತೆ ಸಿಕ್ಕಿತ್ತು. ಇದನ್ನೆಲ್ಲ ಅವರು ಆಮೇಲೆ ಹೇಳಿದ್ದು. ಆಗ ಪರದೆಯೆಂದು ಕಟ್ಟಿದ್ದ ಹಾಸಿಗೆ ಬಟ್ಟೆಯ ಹಿಂದೆ ಹೋಗಿ ಒಂದಾದ ಮೇಲೊಂದು ನುಡಿಸಿದರು. ಮೊದಲನೆಯದನ್ನು ಹೆಂಡತಿಯ ಕೈ ಹಿಡಿದ ಹಾಗೆ, ಮೂರನೆಯದನ್ನು ಸೊಸೆಯ ನಾಯಿಯನ್ನು ಹಿಡಿದ ಹಾಗೆ.

ಮೊದಲು ಸಭಿಕರ ಅಭಿಪ್ರಾಯ ಕೇಳಿದರು. ಯಾವುದು ಹಳೆಯ ಕಲಮಜೂ? ಒಂದನೆಯದಕ್ಕೆ ಕೈಗಳು ಕಾಡಿನಂತೆ ಎದ್ದವು. ಎರಡನೆಯದಕ್ಕೆ ನಾಲ್ಕು. ಮೂರನೆಯದಕ್ಕೆ ಎದ್ದ ಒಂದೇ ಒಂದು ಕೈ ಬಿಯರ್ ಬೇಕೆಂದು ಎತ್ತಿದ್ದು.

ಕ್ಲೆಮ್ ವೇದಿಕೆಯ ಮೇಲೆ ಕುರ್ಚಿಯಲ್ಲಿ ಕೂತಿದ್ದ. ಕೂತಲ್ಲಿಂದ ಕೈಗಳು ಕಾಣುತ್ತಿರಲಿಲ್ಲ, ಸಭೆಗೆ ಬೆನ್ನು ಮಾಡಿ ಕೂರಿಸಿದ್ದರು. ಎಲ್ಲರೂ ಸುಮ್ಮನಾದರು. ಸುಮ್ಮನಾದದ್ದು ಅವನಿಗೆ ಗೊತ್ತಾಗಲಿಲ್ಲ. ಕೊನೆಗೆ ಟೋರ್ಗರ್ಸನ್ ಬಂದು ಭುಜ ಮುಟ್ಟಿದಾಗ ತಿರುಗಿ ಎರ್ವ್‌ನನ್ನು ಹುಡುಕಿದ. ಎರ್ವ್ ಹೇಳಿದಂತೆ ಮುಂದಿನ ಸಾಲಲ್ಲೇ ಇದ್ದ. ಆದರೆ ಅವತ್ತು ಹೊಸ ಉಣ್ಣೆಯ ಅಂಗಿ ಹಾಕಿಕೊಂಡು ಬಂದಿದ್ದ, ಅದು ಅವನಿಗೆ ಒಗ್ಗಿರಲಿಲ್ಲ. ಮೂಗು ಕೆರೆದುಕೊಂಡ. ಕುತ್ತಿಗೆ ಕೆರೆದುಕೊಂಡ. ಕಿವಿ, ಗಲ್ಲ, ಕಂಕುಳು, ಬೆನ್ನು, ಎಲ್ಲವನ್ನೂ ಕೆರೆದುಕೊಂಡು ಮತ್ತೆ ಮೂಗಿಗೆ ಬಂದ.

ಕ್ಲೆಮ್ ಅವನನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಎದ್ದು ನಿಂತು, “ನಂಗೆ ಕೇಳಿಸಲ್ಲ,” ಎಂದ.

ಜನ ನಕ್ಕರು.

“ತಮಾಷೆಯಲ್ಲ. ಹತ್ತು ವರ್ಷದಿಂದ ಕೇಳಿಸಲ್ಲ. ಈಗ ಡಾಕ್ಟ್ರು ನುಡಿಸಿದ್ರೋ ಇಲ್ವೋ ಅದೂ ಗೊತ್ತಾಗಲಿಲ್ಲ.”

ಜನ ಇನ್ನೂ ಜೋರಾಗಿ ನಕ್ಕರು. ಒಬ್ಬ ಚಪ್ಪಾಳೆ ತಟ್ಟಿದ. ಟೋರ್ಗರ್ಸನ್‌ರ ಮುಖ ಕೆಂಪಾಯಿತು. ತಮ್ಮ ನುಡಿಸಾಣಿಕೆಯ ಮೇಲೆ ಚುಚ್ಚಿದ್ದಾನೆಂದು ಅವರು ತಿಳಿದರು. ಹಿಂದಿನಿಂದ ಬರ್ನಿಸ್ ಎದ್ದಳು.

“ಅವನು ನಿಜ ಹೇಳ್ತಿದಾನೆ. ನಲವತ್ತು ವರ್ಷದ ಸಂಸಾರದಲ್ಲಿ ಇದೇ ಮೊದಲು, ಸ್ವಲ್ಪ ಮರ್ಯಾದೆ ಕೊಡಿ.”

ಅದಕ್ಕೂ ನಕ್ಕರು. ಇನ್ನು ಮಾತಿನಿಂದ ಪ್ರಯೋಜನವಿಲ್ಲವೆಂದು ಕ್ಲೆಮ್‌ಗೆ ಹೊಳೆಯಿತು. ನಡೆದುಹೋಗಿ ಪರದೆಯನ್ನು ಎಳೆದುಹಾಕಿದ. ಜೇಬಿನಿಂದ ತಿರುಪುಳಿ ತೆಗೆದು, ಮೊದಲ ಗಿಟಾರನ್ನು ಮೇಜಿನ ಮೇಲೆ ಮಲಗಿಸಿ, ತಂತಿ ಸಡಿಲಿಸಿ, ನಾಲ್ಕು ತಿರುಪು ಬಿಚ್ಚಿದ. ಟೋರ್ಗರ್ಸನ್ ಎರಡು ಹೆಜ್ಜೆ ಮುಂದೆ ಬಂದರು. ಅರಿವಳಿಕೆ ಕೊಡದೆ ತಮ್ಮದೇ ದವಡೆಗೆ ಯಾರೋ ಇಕ್ಕಳ ಹಾಕಿದಂತಿತ್ತು ಅವರ ಮುಖ.

ಕ್ಲೆಮ್ ಪಿಕಪ್ಪನ್ನು ಎತ್ತಿ ತಿರುಗಿಸಿದ. ಮೂಸಿದ. ತಿರುಪನ್ನು ಉಗುರಿಗೆ ಉಜ್ಜಿದ. ಆಮೇಲೆ ಮೂರನೆಯ ಗಿಟಾರನ್ನೂ ಬಿಚ್ಚಿದ. ಅದರ ಪಿಕಪ್ಪಿನ ಮೇಲೆ ಬಗ್ಗಿದವನು ಬಹಳ ಹೊತ್ತು ತಲೆ ಎತ್ತಲಿಲ್ಲ. ಭೂತಗನ್ನಡಿ ಹಿಡಿದು ತಳದ ತಗಡನ್ನೂ ಒಳಗಿನ ಎಳೆಯನ್ನೂ ನೋಡಿದ. ಅಷ್ಟರಲ್ಲಿ ಜನರ ನಗು ತಾನಾಗಿ ಇಳಿದಿತ್ತು.

“ಡಾಕ್ಟ್ರೇ, ನಿಮ್ಮ ಒಂದನೇದು ಜಪಾನಿಂದು,” ಎಂದ ಕೊನೆಗೆ. “ಎಪ್ಪತ್ತೈದರ ಆಸುಪಾಸು. ತಿರುಪಿನ ಹಲ್ಲು ಮಿಲಿಮೀಟರ್ ಲೆಕ್ಕದ್ದು. ಅಯಸ್ಕಾಂತದ ಪಕ್ಕ ಇಟ್ಟಿರೋ ಪಟ್ಟಿ ಪ್ಲಾಸ್ಟಿಕ್ಕಿಂದು. ಕೆಟ್ಟದ್ದೇನಲ್ಲ, ಕೆಲಸ ಅಚ್ಚುಕಟ್ಟಾಗಿದೆ.” ಇನ್ನೊಂದನ್ನು ಎತ್ತಿ ಹಿಡಿದ. “ಇದು ಎಲ್ಲಿ ಸಿಕ್ತು ನಿಮಗೆ?”

“ಕಾಫಿ ಡಬ್ಬೀಲಿ,” ಎಂದರು ಟೋರ್ಗರ್ಸನ್, ತುಟಿ ಮಾತ್ರ ಅಲ್ಲಾಡಿಸಿ. ಕ್ಲೆಮ್‌ಗೆ ಅಷ್ಟು ಸಾಕಾಗಿತ್ತು.

“ಪಟ್ಟಿ ಮೇಪಲ್ ಮರದ್ದು. ಎಳೆ ಕಂದುಗೆಂಪು. ತಳದ ತಗಡಿನ ಕಾಲಿನ ಮೇಲೆ ಅಚ್ಚಿನ ಗೀರು ನೋಡಿ, ಆ ಕಾರ್ಖಾನೆ ಬಿಟ್ಟರೆ ಇನ್ನೆಲ್ಲೂ ಆ ಗೀರು ಬೀಳಲ್ಲ. ಐವತ್ತೆಂಟು, ಇಲ್ಲಾ ಐವತ್ತೊಂಬತ್ತು. ನೀವು ಹುಡುಕ್ತಿದ್ದದ್ದು ಇದೇ.”

ಮೊದಲನೆಯದಕ್ಕೆ ಕೈ ಎತ್ತಿದ್ದವರೆಲ್ಲ ತಮ್ಮ ಕೈಗಳನ್ನು ಜೇಬಿನೊಳಗೆ ಇಟ್ಟುಕೊಂಡರು.

“ಹಾಗಾದ್ರೆ ಇಷ್ಟು ಜನ ಕೇಳಿದ್ದು ಏನು?” ಎಂದರು ಟೋರ್ಗರ್ಸನ್.

“ಅವರನ್ನೇ ಕೇಳಿ, ಡಾಕ್ಟ್ರೇ. ನಾನು ಕಿವುಡ.”

ಆಮೇಲೆ ಎರಡು ತಿಂಗಳು ನೆಲಮಾಳಿಗೆಗೆ ಯಾರೂ ಬರಲಿಲ್ಲ. ಕಿವುಡನ ಮುಂದೆ ಗಿಟಾರ್ ನುಡಿಸಿ ಅತ್ತಿದ್ದೆವಲ್ಲ ಎಂದು ಡ್ವೇನ್‌ನಂಥವರಿಗೆ ನಾಚಿಕೆ. ಕ್ಲೆಮ್ ದಿನವೂ ಬೆಳಿಗ್ಗೆ ಇಳಿದುಹೋಗಿ, ಒರೆಸಿದ್ದ ಮೀಟರನ್ನೇ ಒರೆಸಿ, ಮಧ್ಯಾಹ್ನ ಹತ್ತಿ ಬರುತ್ತಿದ್ದ. ಗಿರಣಿ ಬಿಟ್ಟ ಹೊಸದರಲ್ಲೂ ಹೀಗೇ ಗರಾಜಿಗೂ ಅಡುಗೆಮನೆಗೂ ಓಡಾಡಿದ್ದ. ಬರ್ನಿಸ್‌ಗೆ ಅದು ನೆನಪಿತ್ತು. ಆ ಎರಡು ತಿಂಗಳಲ್ಲಿ ಅವಳು ಒಂದು ಸಲವೂ ಗೇಲಿ ಮಾಡಲಿಲ್ಲ. ಅದರಿಂದ ಕ್ಲೆಮ್‌ಗೆ ಇನ್ನೂ ಗಾಬರಿಯಾಯಿತು.

ಡಿಸೆಂಬರಿನಲ್ಲಿ ಮ್ಯಾಡಿಸನ್‌ನಿಂದ ಒಂದು ಪೆಟ್ಟಿಗೆ ಬಂತು. ಒಳಗೆ ಹತ್ತಿಯಲ್ಲಿ ಸುತ್ತಿದ ಹನ್ನೆರಡು ಪಿಕಪ್‌ಗಳು, ಜೊತೆಗೆ ಟೋರ್ಗರ್ಸನ್‌ರ ಪತ್ರ. “ಇವೆಲ್ಲ ಅಪ್ಪಟವೆಂದು ನಂಬಿದ್ದೇನೆ. ದಯವಿಟ್ಟು ಸತ್ಯ ತಿಳಿಸಿ. ಮೆತ್ತಗೆ ತಿಳಿಸಿ,” ಎಂದು ಬರೆದಿದ್ದರು. ಏಳು ಸುಳ್ಳಾಗಿದ್ದವು. ಕ್ಲೆಮ್ ಮೆತ್ತಗೆ ತಿಳಿಸಿದ. ಆಮೇಲೆ ಒಬ್ಬೊಬ್ಬರೇ ಮತ್ತೆ ಬರತೊಡಗಿದರು. ಈಗ ಅವರು ಗಿಟಾರ್ ನುಡಿಸಿ ತೋರಿಸುತ್ತಿರಲಿಲ್ಲ. ಪಿಕಪ್ ಇಟ್ಟು, ಪ್ರಶ್ನೆಯನ್ನು ಕಾಗದದಲ್ಲಿ ಬರೆದು, ಬರ್ನಿಸ್ ಕೊಟ್ಟ ಕಾಫಿ ಕುಡಿದು ಹೋಗುತ್ತಿದ್ದರು. ಮೊದಲಿಗಿಂತ ಹೆಚ್ಚೇ ಜನ ಬಂದರು.

ಎರಡು ಸಾವಿರದ ಒಂದರಲ್ಲಿ ಬರ್ನಿಸ್‌ಳ ಎಷ್ಟೋ ವರ್ಷಗಳ ಹಠ ಗೆದ್ದಿತು, ಕ್ಲೆಮ್ ಕಿವಿಗೆ ಯಂತ್ರ ಹಾಕಿಸಿಕೊಂಡ. ಹಾಕಿದ ಮೂರನೇ ದಿನ ಒಂದು ಮದುವೆಯಿತ್ತು. ಎರ್ವ್ ಮೊದಲ ಹಾಡು ಮುಗಿಸಿದಾಗ ಕ್ಲೆಮ್ ಅವನ ಕಡೆ ತಿರುಗಿ, “ಇಷ್ಟು ವರ್ಷವೂ ಇದನ್ನೇ ನುಡಿಸ್ತಿದ್ಯೇನೋ?” ಎಂದು ಕೇಳಿದ.

“ಇದನ್ನೇ. ನಿನ್ನ ಗಿಟಾರಿಗೆ ಯಾವತ್ತಾದ್ರೂ ಶ್ರುತಿ ಮಾಡಿದ್ಯಾ ನೀನು?” ಎಂದ ಎರ್ವ್.

ಕ್ಲೆಮ್ ಒಂದು ತಂತಿ ಮೀಟಿ ನೋಡಿದ. ಆಮೇಲೆ ಬಿರಡೆಗೆ ಕೈ ಹಾಕಿದ.

ಮರುದಿನ ನೆಲಮಾಳಿಗೆಯಲ್ಲಿ ಅವನು ಒಂದು ಅಪರೂಪದ ಪಿಕಪ್ಪನ್ನೂ ಒಂದು ಕಸದ ಪಿಕಪ್ಪನ್ನೂ ಒಂದೇ ಗಿಟಾರಿಗೆ ಸರದಿಯಾಗಿ ಹಾಕಿ ನುಡಿಸಿ ಕೇಳಿದ. ಜೀವನದಲ್ಲಿ ಮೊದಲ ಸಲ. ಒಂದು ಗಂಟೆ ಕೇಳಿದ. ಮೇಲೆ ಬಂದು ಅಡುಗೆಮನೆಯ ಬಾಗಿಲು ಹಾಕಿಕೊಂಡ.

“ವ್ಯತ್ಯಾಸ ಏನಿತ್ತು?” ಎಂದಳು ಬರ್ನಿಸ್.

“ಎರಡೂ ಗಿಟಾರಿನ ಹಾಗೇ ಕೇಳುತ್ತೆ ಕಣೇ. ಯಾರಿಗೂ ಹೇಳಬೇಡ.”

ಕೊನೆಯ ವರ್ಷಗಳಲ್ಲಿ ಅವನಿಗೆ ಒಂದೇ ಯೋಚನೆ ಹತ್ತಿತು: ತಾನು ಗುರುತಿಸಿದ್ದು ಮತ್ತೆ ಅನಾಮಧೇಯವಾಗಬಾರದು. ತನ್ನ ಕೈಗೆ ಬಂದ ಪ್ರತಿ ಪಿಕಪ್ಪಿನ ತಳಕ್ಕೂ ಒಂದು ಚೀಟಿ ಅಂಟಿಸತೊಡಗಿದ: ಎಲ್ಲಿಯದು, ಯಾವ ವರ್ಷದ್ದು, ಯಾರು ಸುತ್ತಿದ್ದಿರಬಹುದು. ಸಾವಿರಕ್ಕಿಂತ ಹೆಚ್ಚು ಚೀಟಿ ಬರೆದಿರಬೇಕು. ಅವನು ಲೆಕ್ಕಿಸದೇ ಹೋದ ಸಂಗತಿಯೆಂದರೆ ಅವನ ಕೈಬರಹ. ನುಸಿ ಶಾಯಿಯಲ್ಲಿ ಬಿದ್ದು ಎದ್ದು ನಡೆದಂತಿತ್ತು ಅದು. ಎರಡು ಸಾವಿರದ ಒಂಬತ್ತರ ವಸಂತದಲ್ಲಿ, ಕುರ್ಚಿಯಲ್ಲಿ ಕೂತಲ್ಲೇ ಅವನು ತೀರಿಕೊಂಡಾಗ ಆ ಬರಹ ಓದಬಲ್ಲವರು ಭೂಮಿಯ ಮೇಲೆ ಒಬ್ಬರೇ ಉಳಿದರು.

ಈಗ ಜನ ಚೀಟಿಯಿರುವ ಪಿಕಪ್ ಹಿಡಿದುಕೊಂಡು ಬರ್ನಿಸ್‌ಳ ಅಡುಗೆಮನೆಗೆ ಬರುತ್ತಾರೆ. ಅವಳು ಕನ್ನಡಕ ಹಾಕಿಕೊಂಡು, ಪಿಕಪ್ಪನ್ನು ಕಿಟಕಿಯ ಬೆಳಕಿಗೆ ಹಿಡಿದು, ತುಟಿ ಅಲ್ಲಾಡಿಸುತ್ತ ಓದುತ್ತಾಳೆ. ಹೋದ ಬೇಸಿಗೆಯಲ್ಲಿ ಡ್ವೇನ್ ಬಂದಿದ್ದ. ಈಗ ಅವನೂ ನಿವೃತ್ತ.

“ಕಲಮಜೂ. ಅರವತ್ತೆರಡು,” ಎಂದು ಓದಿದಳು ಬರ್ನಿಸ್. ಕೆಳಗೆ ಇನ್ನೊಂದು ಸಾಲಿತ್ತು. ಎರಡು ಗಂಟಿನವಳ ಬಗ್ಗೆ ಬರೆದ ಆ ಸಾಲನ್ನು ಅವಳು ಮನಸ್ಸಿನಲ್ಲೇ ಓದಿಕೊಂಡಳು.

“ಕೆಳಗಡೆ ಏನೋ ಬರೆದಿದಾನಲ್ಲ ಅಕ್ಕ, ಅದೇನು?” ಎಂದ ಡ್ವೇನ್.

“ಅದು ಯಾರೋ ಹೆಂಗಸಿನ ವಿಷಯ,” ಎಂದು ಬರ್ನಿಸ್ ಪಿಕಪ್ಪನ್ನು ಅವನ ಕೈಗಿಟ್ಟಳು. “ಕಾಫಿ ಹಾಕ್ಲಾ?”